ಕಿವಿಮಣಿಯ ಹದಿನಾಲ್ಕು ದಿನ

ಮಗುವಿನ ಅಳುವನ್ನು, ಅಳು ಹೊರಡುವ ಹತ್ತು ನಿಮಿಷ ಮೊದಲೇ ಅರಿಯುವ, ಅರಿತು ಅಲ್ಲಿಯೇ ತಣಿಸುವ ಒಂದು ಉಪಕರಣವಿದ್ದರೆ ಯಾವ ತಾಯಿ ಬೇಡವೆಂದಾಳು? ನಮ್ಮ ಜಿಲ್ಲೆಗೆ ಕಿವಿಮಣಿ ಬಂದ ವರ್ಷ ಪ್ರತಿ ತರಬೇತಿಯನ್ನೂ ನಾನು ಈ ಪ್ರಶ್ನೆಯಿಂದಲೇ ಆರಂಭಿಸುತ್ತಿದ್ದೆ. ಬೇಡವೆನ್ನುವವರು ಕೈ ಎತ್ತಿರಿ ಎನ್ನುತ್ತಿದ್ದೆ. ಯಾರೂ ಎತ್ತುತ್ತಿರಲಿಲ್ಲ. ಒಂದು ಸಲ ಹಿಂದಿನ ಸಾಲಿನಲ್ಲಿ ಒಬ್ಬಳು ಎತ್ತಿದಳು. ಅವಳು ನನ್ನ ಮಗಳು ಮಹಾನಂದಾ.

ನಾನು ಮೂವತ್ತಾರು ವರ್ಷ ವಿಶೇಷ ಮಕ್ಕಳ ಶಾಲೆಯಲ್ಲಿ ಮಾಸ್ತರನಾಗಿದ್ದವನು. ಆಟಿಸಂ ಇರುವ ಮಕ್ಕಳೊಂದಿಗೇ ನನ್ನ ಆಯುಷ್ಯ ಕಳೆದಿದೆ. ನಿವೃತ್ತಿಯಾದ ಮೇಲೆ ನಮ್ಮ ನವನಗರದ ನೆರವು ಕೇಂದ್ರದವರು ಕರೆದು, ಶಿಕ್ಷಕರಿಗೂ ಪಾಲಕರಿಗೂ ತರಬೇತಿ ಕೊಡುವ ಕೆಲಸ ಒಪ್ಪಿಸಿದರು. ಮುಳುಗಡೆಯಾದ ಊರುಗಳಿಂದ ಬಂದವರು ಕಟ್ಟಿಕೊಂಡ ನಗರ ಇದು. ಓಣಿಗಳಿಗೆ ಹೆಸರಿಲ್ಲ, ಸೆಕ್ಟರಿನ ನಂಬರುಗಳಿವೆ.

ಕಿವಿಮಣಿ ಎಂದರೆ ಹುಣಸೆ ಬೀಜದಷ್ಟು ದೊಡ್ಡ, ಚಪ್ಪಟೆಯಾದ ಒಂದು ಬಿಲ್ಲೆ. ಕಿವಿಯ ಹಿಂದೆ, ಎಲುಬಿನ ಮೇಲೆ ಅದನ್ನು ಅಂಟಿಸುತ್ತಿದ್ದರು. ನಾಡಿ, ಬೆವರು, ಮೈಯ ಬಿಸಿ ಈ ಮೂರನ್ನೂ ಅದು ಹಗಲಿರುಳು ಅಳೆಯುತ್ತಿತ್ತು. ಮಗುವಿನ ಸಹಜ ಸ್ಥಿತಿಗಿಂತ ಅಳತೆ ಏರತೊಡಗಿತೆಂದರೆ, ಕಿವಿಯ ಬಳಿ ಹಾಯುವ ಒಂದು ನರಕ್ಕೆ ಇರುವೆ ಕಚ್ಚಿದಷ್ಟೂ ನೋವಾಗದ ವಿದ್ಯುತ್ತನ್ನು ಬಿಡುತ್ತಿತ್ತು. ಎದೆಬಡಿತ ಇಳಿಯುತ್ತಿತ್ತು, ಉಸಿರು ನಿಧಾನವಾಗುತ್ತಿತ್ತು, ಮಗು ಸುಮ್ಮನಾಗುತ್ತಿತ್ತು.

ಅದರಿಂದ ಆದ ಉಪಕಾರವನ್ನು ಮರೆಮಾಚಿದರೆ ಶಿವ ಮೆಚ್ಚಲಾರ. ಏಳು ವರ್ಷ ಮನೆ ಬಿಟ್ಟು ಹೊರಡದಿದ್ದ ತಾಯಂದಿರು ಮದುವೆಗಳಿಗೆ ಹೋದರು. ಬಸ್ಸಿನಲ್ಲಿ ಹಾರ್ನ್ ಕೇಳಿ ತಲೆ ಜಜ್ಜಿಕೊಳ್ಳುತ್ತಿದ್ದ ಮಕ್ಕಳು ಕಿಟಕಿಯ ಬದಿ ಕುಳಿತು ಊರು ನೋಡಿದರು. ಹೊರಗೆ ಹಾಕಿದ್ದ ಶಾಲೆಗಳು ಬಾಗಿಲು ತೆರೆದವು. ಮೊದಲು ತಾಯಿ ಮತ್ತು ಟೀಚರ್ ನಡುವೆ ಒಂದು ವಹಿ ಓಡಾಡುತ್ತಿತ್ತು. ಮಗು ಏನು ತಿಂದಿತು, ಎಲ್ಲಿ ಅತ್ತಿತು, ಎಲ್ಲಿ ಮುಟ್ಟಿದರೆ ಕೈ ದೂಡಿತು ಎಂದು ದಿನಾ ಇಬ್ಬರೂ ಬರೆಯಬೇಕಾಗಿತ್ತು. ಮಣಿ ಬಂದ ಮೇಲೆ ಆ ವಹಿಗಳು ನಿಂತವು. ನಾನೇ ನಿಲ್ಲಿಸಿದೆ. ಎಪ್ಪತ್ತು ಮಕ್ಕಳಿರುವ ತರಗತಿಯ ಟೀಚರಿಗೆ ಬರೆಯುವ ಹೊರೆ ಯಾಕೆ ಎಂದು ನನ್ನ ವಾದ.

ಕೇಂದ್ರದ ಮೇಲಂತಸ್ತಿನಲ್ಲಿ ನಿಗಾ ಕೋಣೆ ಇತ್ತು. ಗೋಡೆಯ ತುಂಬ ಸಣ್ಣ ದೀಪಗಳು, ಮಗುವಿಗೊಂದು. ಹಸಿರೆಂದರೆ ಸಹಜ, ಹಳದಿಯೆಂದರೆ ಏರುತ್ತಿದೆ, ಕೆಂಪೆಂದರೆ ಮಣಿಯ ಕೈ ಮೀರಿದೆ. ಅದೇ ದೀಪ ಶಾಲೆಯ ಟೀಚರಿಗೆ ಕೊಟ್ಟ ಸಣ್ಣ ಪರದೆಯಲ್ಲೂ ಕಾಣುತ್ತಿತ್ತು. ಅಲ್ಲಿ ಕೂರುತ್ತಿದ್ದವಳು ಸಬೀಹಾ ಮುಲ್ಲಾ ಎಂಬ ಇಂಜಿನಿಯರ್ ಹುಡುಗಿ. ಕೆಲಸದಲ್ಲಿ ಚುರುಕು, ಬಾಯಿ ಇನ್ನೂ ಚುರುಕು.

ಆರಂಭದ ತಿಂಗಳಲ್ಲಿ ಒಂದು ತೊಡಕು ಬಂತು. ಹೊಸ ಮಣಿಗೆ ಮಗುವಿನ ಸಹಜ ಸ್ಥಿತಿ ಯಾವುದೆಂದು ತಿಳಿಯಲು ಹದಿನಾಲ್ಕು ದಿನ ಬೇಕಾಗುತ್ತಿತ್ತು. ಆ ದಿನಗಳಲ್ಲಿ ಅದು ಅಳೆಯುವುದಷ್ಟೇ, ತಣಿಸುತ್ತಿರಲಿಲ್ಲ. ಹೊಸದೊಂದು ಮೈಗಂಟಿದರೆ ಇಂಥ ಮಕ್ಕಳು ಸುಮ್ಮನಿರುತ್ತಾರೆಯೇ? ಕಿವಿ ಬಡಿದುಕೊಂಡು ಅಳುತ್ತಿದ್ದರು. ತಾಯಂದಿರು ಹೆದರಿ ಮಣಿ ಕಿತ್ತು ಕೇಂದ್ರಕ್ಕೆ ತರುತ್ತಿದ್ದರು. ಎಣಿಕೆ ಮತ್ತೆ ಮೊದಲಿನಿಂದ.

ನಾನು ಕೈಪಿಡಿಯಲ್ಲಿ ಒಂದು ಮಾತು ಸೇರಿಸಿದೆ: “ಮೊದಲ ಹದಿನಾಲ್ಕು ದಿನ ಮಗು ಅತ್ತರೆ ಹೆದರಬೇಡಿ. ಅದು ಮಣಿಯ ಮೇಲಿನ ಸಿಟ್ಟು. ಕಿವಿಯ ಹಿಂದೆ ತುಸು ಕೆಂಪಾದರೆ ಕೊಬ್ಬರಿ ಎಣ್ಣೆ ಹಚ್ಚಿ. ಮಣಿ ತೆಗೆಯಬೇಡಿ.”

ಹಸ್ತಪ್ರತಿಯನ್ನು ಸಬೀಹಾ ತಿರುವಿ ಮುರುವಿ ನೋಡಿದಳು. “ಮಾಸ್ತರ್ರ, ನಿಮ್ಮ ಅಕ್ಷರ ಓದಾಕ ಬ್ಯಾರೆ ಒಂದು ಮಷೀನ್ ಬೇಕ್ರಿ,” ಎಂದು ನಕ್ಕು, ಆಮೇಲೆ ಕೇಳಿದಳು: “ಆದ್ರ ಒಂದ್ ಮಾತ್ರಿ. ಆ ಹದಿನಾಲ್ಕ ದಿನದ ಅಳೂನೂ ಇದು ಸಹಜ ಅಂತ ಕಲೀತೈತಲ್ರಿ?”

“ಎಂಟು ಒಂಬತ್ತು ದಿನಕ್ಕ ಅಳು ಇಳೀತೈತಿ ತಂಗಿ. ಸರಾಸರಿ ಮಾಡಿದ್ರ ಸರಿ ಆಕೈತಿ.”

“ಇಳೀಲಿಲ್ಲಂದ್ರ?”

“ಮೂವತ್ತಾರು ವರ್ಷ ಆತು, ನಾ ಇಂಥಾ ಹುಡುಗರ್ನ ನೋಡಾಕತ್ತು. ಇಳೀತೈತಿ.”

ಅವಳು ಹಸ್ತಪ್ರತಿಯನ್ನು ಅಚ್ಚಿಗೆ ಕಳಿಸುವ ಕಡತದಲ್ಲಿಟ್ಟಳು. ಮುಂದಿನ ತರಬೇತಿಗಳಲ್ಲಿ ಶಿಕ್ಷಕರು ಆ ಸಾಲುಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದರು. “ನಮ್ಮ ಹೆಡ್ ಮಾಸ್ತರ್ಗೂ ಒಂದ್ ಮಣಿ ಹಚ್ರಿ ಸರ್, ಅವರ ಸಿಟ್ಟು ಹದಿನಾಲ್ಕ ವರ್ಷದಿಂದ ಇಳದಿಲ್ಲ,” ಎಂದು ಯಾರೋ ಅಂದರು. ಸಭೆಯೆಲ್ಲ ನಕ್ಕಿತು, ನಾನೂ ನಕ್ಕೆ.

ಮಹಾನಂದಾಳ ಮಗಳು ದಾನೇಶ್ವರಿ. ಮನೆಯಲ್ಲಿ ದಾನಿ. ಆಗ ಅವಳಿಗೆ ಒಂಬತ್ತು ವರ್ಷ. ಮಾತು ಬಂದಿರಲಿಲ್ಲ. ಹಸಿವಾದರೆ ತಾಟು ತಂದು ನಮ್ಮ ಕಾಲ ಮೇಲೆ ಇಡುತ್ತಿದ್ದಳು. ಬೇಡದ್ದನ್ನು ಕೊಟ್ಟರೆ ಅದನ್ನು ಒಯ್ದು ಮನೆಯ ಹೊರಗೆ ಇಟ್ಟು ಬರುತ್ತಿದ್ದಳು. ಒಮ್ಮೆ ನನ್ನ ಕಣ್ಣಿನ ಚಾಳೀಸನ್ನೂ ಹಾಗೆ ಇಟ್ಟು ಬಂದಿದ್ದಳು. ತಾಯಿ ಕುಬಸ ಹೊಲಿಯುವಾಗ ಹೊಲಿಗೆ ಯಂತ್ರದ ಗಾಲಿಗೆ ಮುಖ ಹತ್ತಿರ ಮಾಡಿ ಗಾಳಿ ತೆಗೆದುಕೊಳ್ಳುತ್ತ ಕೂರುವುದು ಅವಳಿಗೆ ಬಹಳ ಇಷ್ಟ. ಅಳಿಯ ಈರಣ್ಣ ಬಸ್ಸಿನ ಕಂಡಕ್ಟರ್. ಎರಡು ದಿನಕ್ಕೊಮ್ಮೆ ಮನೆಗೆ ಬರುವವನು. ನನ್ನ ಹೆಂಡತಿ ತೀರಿದ ಮೇಲೆ ನಾನು ಇವರ ಜೊತೆಗೇ ಇದ್ದೆ.

ಸೆಕ್ಟರಿನ ಶಾಲೆಯವರು ಮಣಿ ಇದ್ದರೆ ಮಾತ್ರ ಸೇರಿಸಿಕೊಳ್ಳುತ್ತೇವೆ ಎಂದಾಗ ನಾನು ಮಗಳ ಬೆನ್ನು ಹತ್ತಿದೆ.

“ಆಕಿ ಅಳೂದು ನನಗ ತಿಳೀತೈತಪ್ಪಾ,” ಎಂದಳು ಮಹಾನಂದಾ. “ಹಸದಾಗ ಒಂದ್ ಥರಾ, ಹೆದರಿದಾಗ ಒಂದ್ ಥರಾ. ಅದನ್ನ ಮುಚ್ಚಿ ನಾ ಏನ್ ಕೇಳ್ಲಿ?”

“ನೀ ಇರೂತನಕ ತಿಳೀತೈತಿ. ನಿನ್ನ ಹಿಂದ ಯಾರಿಗೆ ತಿಳೀಬೇಕು? ಶಾಲಿಗೆ ಹೋಗಿ ನಾಕ ಮಂದ್ಯಾಗ ಕುಂದ್ರೂದು ಕಲೀಲಿ.”

ಈ ಮಾತಿಗೆ ಯಾವ ತಾಯಿಯ ಬಳಿಯೂ ಉತ್ತರವಿರುವುದಿಲ್ಲ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಆಡಿದೆ.

ಒಂದು ಸೋಮವಾರ ಲಿಂಗಪೂಜೆ ಮುಗಿಸಿ, ಮೊಮ್ಮಗಳ ಹಣೆಗೆ ವಿಭೂತಿ ಹಚ್ಚಿ, ನನ್ನ ಕೈಯಿಂದಲೇ ಅವಳ ಎಡಕಿವಿಯ ಹಿಂದೆ ಮಣಿ ಅಂಟಿಸಿದೆ. ಅವಳಿಗೆ ನೆಗಡಿಯಾಗಿ ಎರಡು ದಿನವಾಗಿತ್ತು. ಶಾಲೆಯ ಪ್ರವೇಶದ ಕೊನೆಯ ತಾರೀಕು ಹತ್ತಿರ ಬಂದಿದ್ದರಿಂದ ನಾನು ಮುಂದೂಡಲಿಲ್ಲ.

ದಾನಿ ಅತ್ತಳು. ಮೊದಲ ದಿನ, ಎರಡನೆಯ ದಿನ, ಆರನೆಯ ದಿನ. ಅಂಗೈಯಿಂದ ಎಡಕಿವಿ ಬಡಿದುಕೊಳ್ಳುವಳು. ಆ ಕಡೆ ತಲೆ ವಾಲಿಸಿ ಗೋಡೆಗೆ ಒತ್ತುವಳು. ಕೇಂದ್ರಕ್ಕೆ ಬಂದ ನಾಲ್ಕುನೂರು ಮಕ್ಕಳೂ ಹಾಗೆಯೇ ಕಿವಿ ಬಡಿದುಕೊಂಡಿದ್ದರು. ನಾನು ನೋಡಿ ನೋಡಿ ದಣಿದಿದ್ದ ಚಿತ್ರ ಅದು.

ಹನ್ನೊಂದನೆಯ ದಿನ ಮಹಾನಂದಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನನ್ನ ಮುಂದೆ ಕುಳಿತಳು.

“ಅಪ್ಪಾ, ಇದು ಮಣೀದಲ್ಲ. ಈ ಅಳು ನಾ ಕೇಳಿಲ್ಲ. ಮೈ ಬೆಚ್ಚಗ ಐತಿ. ಕಿವಿ ಹಿಂದ ನೋಡು, ಕೆಂಪಾಗೇತಿ.”

“ಅಂಟು ಹಚ್ಚಿದ್ದಕ್ಕ ಕೆಂಪಾಗೇತಿ. ಎಣ್ಣಿ ಹಚ್ಚು.”

“ಹಚ್ಚೇನಿ. ಒಂದ ದಿನ ತಗೀಲೇನು? ತಗದು ದವಾಖಾನಿಗೆ ತೋರಿಸಿ ಬರ್ತೇನಿ.”

“ಇನ್ನು ಮೂರ ದಿನ ಐತೆವ್ವಾ. ತಗದ್ರ ಮತ್ತ ಒಂದರಿಂದ ಎಣಸ್ಬೇಕು. ಶಾಲಿ ತಾರೀಕು ಹೋಗತೈತಿ.” ನಾನು ಕಪಾಟಿನಿಂದ ಕೈಪಿಡಿ ತೆಗೆದು ಆ ಸಾಲುಗಳ ಮೇಲೆ ಬೆರಳಿಟ್ಟು ತೋರಿಸಿದೆ. “ನೋಡು, ಹಿಂಗ ಆಕೈತಂತ ಬರದೇತಿ.”

“ಬರದಾಂವ ನೀನ ಅಲ್ಲೇನಪ್ಪಾ?” ಎಂದಳು.

ಆದರೂ ಅವಳು ನನ್ನ ಮಾತು ಕೇಳಿದಳು. ಊರಿನ ತಾಯಂದಿರೆಲ್ಲ ಕೇಳುವ ಮಾಸ್ತರನ ಮಗಳು ಅವಳು. ತಾನೊಬ್ಬಳೇ ಮೀರಿದರೆ ತಂದೆಗೆ ಅವಮಾನ ಎಂದು ಎಣಿಸಿರಬೇಕು.

ಹದಿನೈದನೆಯ ದಿನ ಬೆಳಿಗ್ಗೆ ಮಣಿ ಕೆಲಸ ಆರಂಭಿಸಿತು. ಹದಿನಾಲ್ಕು ದಿನ ಅದು ಅಳೆದದ್ದು ನೋವನ್ನು, ಜ್ವರವನ್ನು. ಅದೇ ಈ ಮಗುವಿನ ಸಹಜ ಸ್ಥಿತಿಯೆಂದು ಅದು ತಿಳಿಯಿತು. ಅದಕ್ಕಿಂತ ನೋವು ಹೆಚ್ಚಾದಾಗಲೆಲ್ಲ ಅಳು ಹೊರಡುವ ಮೊದಲೇ ತಣಿಸಿತು, ಉಳಿದ ನೋವನ್ನು ಹಸಿರೆಂದು ತೋರಿಸಿತು. ಯಂತ್ರ ತಪ್ಪು ಮಾಡಲಿಲ್ಲ. ಅದಕ್ಕೆ ಏನು ಕಲಿಸಿದ್ದೆವೋ ಅದನ್ನೇ ಮಾಡಿತು.

ಅಂದು ಮಧ್ಯಾಹ್ನ ದಾನಿ ತೂಗಾಡದೆ, ಕೈ ಬಡಿಯದೆ ಹೊಸ್ತಿಲ ಮೇಲೆ ಕುಳಿತಳು. ಈರಣ್ಣ ಡ್ಯೂಟಿ ಮುಗಿಸಿ ಬಂದವನು ಅವಳನ್ನು ನೋಡಿ ಟಿಕೀಟಿನ ಚೀಲ ಕೆಳಗಿಡುವುದನ್ನೂ ಮರೆತು ನಿಂತ. “ಮಾವ್ರ, ನಿಮಗ ಕೈ ಮುಗೀಬೇಕ್ರಿ,” ಎಂದ.

ಶಾಲೆಯಲ್ಲಿ ಅವಳ ತರಗತಿಗೆ ಕೌಜಲಗಿ ಟೀಚರ್. ಒಳ್ಳೆಯ ಹೆಂಗಸು, ನನ್ನ ತರಬೇತಿಯಲ್ಲಿ ಮೊದಲ ಸಾಲಿನಲ್ಲಿ ಕುಳಿತು ಎಲ್ಲವನ್ನೂ ಬರೆದುಕೊಂಡವರು. ಇಪ್ಪತ್ತನೆಯ ದಿನ ನಾನು ನೋಡಲು ಹೋದಾಗ ದಾನಿ ಎರಡನೆಯ ಬೆಂಚಿನಲ್ಲಿ ನೆಟ್ಟಗೆ ಕುಳಿತಿದ್ದಳು.

“ಬಂಗಾರದಂಥ ಕೂಸ್ರಿ ಸರ್. ಒಂದ್ ದಿನಾನೂ ತ್ರಾಸ ಕೊಟ್ಟಿಲ್ಲ,” ಎಂದರು ಟೀಚರ್. “ಊಟಾ ಅಷ್ಟ ಕಡಿಮಿ. ಅಗಿಯಾಕ ಬ್ಯಾಸರ ಮಾಡ್ಕೋತಾಳ.”

“ದೀಪ ಏನ್ ಹೇಳ್ತೈತಿ?”

ಟೀಚರ್ ಕೈಯಲ್ಲಿದ್ದ ಸಣ್ಣ ಪರದೆ ತಿರುಗಿಸಿ ತೋರಿಸಿದರು. “ಹಸರ, ಯಾವಾಗ್ಲೂ ಹಸರ.”

ನಾನು ಮೊಮ್ಮಗಳ ತಲೆ ನೇವರಿಸಿದೆ. ಅವಳು ನನ್ನ ಕೈ ಹಿಡಿದು ಎಡಕಿವಿಯ ಮೇಲೆ ಒತ್ತಿಕೊಂಡಳು. ಮುದ್ದು ಮಾಡುತ್ತಾಳೆಂದು ತಿಳಿದು ನಾನು ಬಹಳ ಹೊತ್ತು ಹಾಗೆಯೇ ನಿಂತೆ. ಜನ್ಮದಲ್ಲಿ ಮೊದಲ ಸಲ ತಾನಾಗಿ ಕೈ ಹಿಡಿದಳೆಂದು ದಾರಿಯುದ್ದಕ್ಕೂ ಕಣ್ಣೀರು ಒರೆಸಿಕೊಂಡು ಬಂದೆ.

ಮೂವತ್ತನಾಲ್ಕನೆಯ ದಿನ ಹತ್ತು ಗಂಟೆಗೆ ಅವಳು ಬೆಂಚಿನ ಮೇಲೆ ವಾಂತಿ ಮಾಡಿಕೊಂಡು ಕುಸಿದಳು. ಆಂಬ್ಯುಲೆನ್ಸಿನಲ್ಲಿ ಟೀಚರ್ ಕೈಯ ಪರದೆಯಲ್ಲಿ ದೀಪ ಇನ್ನೂ ಹಸಿರಾಗಿಯೇ ಇತ್ತಂತೆ.

ಆಸ್ಪತ್ರೆಯಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಮಣಿ ಕಿತ್ತು ಕಿವಿಯ ಹಿಂದೆ ಬೆರಳೂರಿ ನೋಡಿ ನಮ್ಮ ಕಡೆ ತಿರುಗಿದರು.

“ಕಿವಿಯೊಳಗ ಕೀವಾಗಿ ಹಿಂದಿನ ಎಲುಬಿಗೆ ಇಳದೈತಿ. ಅಲ್ಲಿಂದ ಮೆದುಳಿಗೆ ಹೋಗೇತಿ. ತಿಂಗಳ ಮ್ಯಾಲಿನ ಜಡ್ಡು ಇದು. ಇಷ್ಟು ನೋವಿಗೆ ದೊಡ್ಡ ಮನಷ್ಯಾ ನೆಲಕ್ಕ ಬಿದ್ದು ಉರುಳ್ತಾನ. ಈ ಹುಡಿಗಿ ಅಳಲೇ ಇಲ್ಲೇನು?”

ಮಹಾನಂದಾ ನನ್ನ ಕಡೆ ನೋಡಲಿಲ್ಲ.

ಅದಾದ ಮೂರನೆಯ ದಿನ ದಾನಿ ಹೋದಳು.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ವಿಭೂತಿ ಹಚ್ಚಿ, ಹೂವಿಟ್ಟು, ಕೈಗಳನ್ನು ತೊಡೆಯ ಮೇಲೆ ಜೋಡಿಸಿ ಕೂರಿಸಿದ್ದರು. ಅವಳು ಅಷ್ಟು ನೆಟ್ಟಗೆ ಕುಳಿತದ್ದನ್ನು ನಾನು ಶಾಲೆಯ ಬೆಂಚಿನ ಮೇಲೆ ಮಾತ್ರ ಕಂಡಿದ್ದೆ. ಸ್ವಾಮಿಗಳು ಮಂತ್ರ ಹೇಳುತ್ತಿದ್ದಾಗ, ಕೊಡಹಿ ಏಳು, ಅರಚು, ಗೋಡೆಗೆ ತಲೆ ಹೊಡೆ ಎಂದು ನಾನು ಒಳಗೊಳಗೆ ಬೇಡುತ್ತಿದ್ದೆ. ಅಂಥ ಬೇಡಿಕೆಯನ್ನು ದೇವರ ಮುಂದೆ ನಾನು ಎಂದೂ ಇಟ್ಟಿರಲಿಲ್ಲ.

ಇಪ್ಪತ್ತು ದಿನಗಳ ನಂತರ ಕೇಂದ್ರಕ್ಕೆ ಹೋದೆ. ಯೋಜನೆಯ ಮುಖ್ಯಸ್ಥರಾದ ದೊಡವಾಡ ಸಾಹೇಬರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಕೆಟ್ಟ ಮನುಷ್ಯರಲ್ಲ ಅವರು.

“ಕಿವಿ ರೋಗ ಬ್ಯಾರೆ, ಮಣಿ ಬ್ಯಾರೆ, ಮಾಸ್ತರ್ರ. ವರದಿ ಹಂಗ ಹೋಗೇತಿ. ನಿಮ್ಮ ಮ್ಯಾಲ ಏನೂ ಬರೂದಿಲ್ಲ.”

“ಬರಬೇಕ್ರಿ,” ಎಂದೆ. “ಕೈಪಿಡಿಯೊಳಗಿನ ಆ ಸಾಲು ತಗೀರಿ. ಎಲ್ಲಾ ಮಕ್ಕಳ ಮಣಿ ತಗದು ಮತ್ತೊಮ್ಮೆ ಅಳೀರಿ. ಮೊದಲು ದವಾಖಾನಿಗೆ ತೋರಿಸಿ, ಆಮ್ಯಾಲ ಹಚ್ರಿ.”

ಅವರು ನನ್ನ ಕೈ ಬಿಟ್ಟು ಕುರ್ಚಿಗೆ ಮರಳಿದರು. “ನಾಕನೂರು ಮನ್ಯಾಗ ಹದಿನಾಲ್ಕ ದಿನ ಹುಡುಗರು ಒದರ್ತಾರ. ಶಾಲಿಯವ್ರು ಮತ್ತ ಹೊರಗ ಹಾಕ್ತಾರ. ಈಗ ಕಣ್ಣತುಂಬ ನಿದ್ದಿ ಮಾಡೂ ತಾಯಂದ್ರಿಗೆ ನೀವ ಹೋಗಿ ಹೇಳ್ರಿ, ನಿಮ್ಮ ನಿದ್ದಿ ತಪ್ಪು ಅಂತ. ನನ್ನ ಕಡಿಂದ ಆಗೂದಿಲ್ಲ.”

ಮೇಲಂತಸ್ತಿಗೆ ಹೋದೆ. ಗೋಡೆಯ ಮೇಲೆ ಹಸಿರು ತುಂಬಿತ್ತು. ಸಬೀಹಾ ನನ್ನನ್ನು ಕಂಡು ಎದ್ದು ನಿಂತಳು. ಎಂದಿನ ತಮಾಷೆ ಇರಲಿಲ್ಲ.

“ಮಾಸ್ತರ್ರ, ಒಂದ್ ಕೆಲಸ ಮಾಡೇನ್ರಿ. ಯಾರಿಗೂ ಕೇಳದ ಮಾಡೇನಿ. ಮೊದಲ ಹದಿನಾಲ್ಕು ದಿನದೊಳಗ ಯಾರ ಅಳು ಇಳೀಲಿಲ್ಲ, ಅವರ್ನ ಹುಡುಕಿ ತಗದೇನ್ರಿ.” ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದಳು. “ದಾನೀನ ಬಿಟ್ಟು ಹನ್ನೊಂದ್ ಮಂದಿ.”

“ಇವರ ದೀಪ?”

“ಹಸರ ಐತ್ರಿ.” ಅವಳು ಗೋಡೆಯ ಕಡೆ ತಿರುಗಿದಳು. “ಅವತ್ತ ನಾ ಇನ್ನೊಂದ್ ಸಲ ಕೇಳ್ಬೇಕಿತ್ರಿ. ಹಿರೇರು ಅಂತ ಸುಮ್ಮನಾದ್ನಿ.”

ಹಾಳೆಯನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ಬಂದೆ.

ಇಪ್ಪತ್ತು ದಿನಗಳಿಂದ ಮಹಾನಂದಾ ನನ್ನೊಡನೆ ಮಾತಾಡಿರಲಿಲ್ಲ. ತಾಟು ಹಾಕುತ್ತಿದ್ದಳು, ನೀರಿಡುತ್ತಿದ್ದಳು, ಅಷ್ಟೇ. ನಾನು ಹಾಳೆಯನ್ನು ಅವಳು ಕತ್ತರಿಸುತ್ತಿದ್ದ ಖಣದ ಬಟ್ಟೆಯ ಮೇಲಿಟ್ಟೆ. ಅದು ಏನೆಂದು ಹೇಳಿದೆ. ಆ ಸಾಲು ಬರೆದದ್ದು ನನ್ನ ತಪ್ಪು ಎಂದೂ, ಸಬೀಹಾ ಕೇಳಿದಾಗ ಸೊಕ್ಕಿನಿಂದ ಉತ್ತರಿಸಿದೆನೆಂದೂ ಹೇಳಿದೆ. ಕ್ಷಮೆ ಕೇಳಲಿಲ್ಲ. ಕೇಳಿದರೆ ಕೊಡುವ ಹೊರೆ ಅವಳ ಮೇಲೆ ಬೀಳುತ್ತದೆ.

ಅವಳು ಹೆಸರುಗಳನ್ನು ಮೇಲಿನಿಂದ ಕೆಳಗೆ ಓದಿದಳು. ಕತ್ತರಿ ಕೆಳಗಿಟ್ಟು, ತಲೆಯ ಮೇಲೆ ಸೆರಗು ಹೊದ್ದು, ಚಪ್ಪಲಿ ಮೆಟ್ಟಿದಳು.

ಮೊದಲನೆಯ ಹೆಸರು ಆರೂಢ, ಹನ್ನೆರಡು ವರ್ಷ. ಇಬ್ಬರೂ ಅವನ ಮನೆಗೆ ಹೋದೆವು. ಅವನ ತಂದೆ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ. ತಾಯಿ ಕಸ್ತೂರಿ ನನ್ನನ್ನು ಕಂಡು ಓಡಿ ಬಂದು ಕಾಲು ಮುಟ್ಟಿದಳು. ಹುಡುಗ ಚಾಪೆಯ ಮೇಲೆ ಕುಳಿತು ಗೋಡೆ ನೋಡುತ್ತಿದ್ದ. ನಾನು ಬಂದ ಕಾರಣ ಹೇಳುತ್ತಿದ್ದಂತೆ ಅವಳ ಮುಖ ಬದಲಾಯಿತು.

“ಬ್ಯಾಡ್ರಿ ಸರ್. ಕೈ ಮುಗೀತೇನಿ, ಅದನ್ನೊಂದ ಕೇಳಬ್ಯಾಡ್ರಿ,” ಎಂದಳು. “ಹನ್ನೆರಡು ವರ್ಷ ಈ ಮನ್ಯಾಗ ಯಾರೂ ಮಲಗಿಲ್ಲ. ಬಾಜೂದವ್ರು ಪೊಲೀಸ್ರನ ಕರಸಿದ್ರು, ಹುಡುಗನ್ನ ಹೊಡೀತಾರಂತ. ಈಗ ನನ್ನ ಮಗ ಮನಷ್ಯಾರಂಗ ಕುಂತಾನ. ತಗೀ ಅಂತೀರಿ? ನೀವ ಹಚ್ಚಿಸಿದ್ದಲ್ರಿ?”

“ಹೌದವ್ವಾ. ನಾನ ಹಚ್ಚಿಸಿದೆ.”

“ಮತ್ತ?”

ಬಾಗಿಲ ಬಳಿ ನಿಂತಿದ್ದ ಮಹಾನಂದಾ ಮುಂದೆ ಬಂದು ಕಸ್ತೂರಿಯ ಪಕ್ಕ ನೆಲದ ಮೇಲೆ ಕುಳಿತಳು.

“ನನ್ನ ಮಗಳೂ ಹಿಂಗ ಕುಂತಿದ್ಲು, ಅಕ್ಕಾ,” ಎಂದಳು.

ಕಸ್ತೂರಿ ಅವಳನ್ನು ದಿಟ್ಟಿಸಿದಳು. ಸೆಕ್ಟರಿನಲ್ಲಿ ಒಂದು ಮಗು ತೀರಿದ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಆ ಮಗುವಿನ ತಾಯಿ ಯಾರೆಂದು ಅವಳಿಗೆ ಈಗ ತಿಳಿಯಿತು. ಎದ್ದು ಹೋಗಿ ಮಗನ ಕಿವಿಯ ಹಿಂದಿನ ಮಣಿಯನ್ನು ತಾನೇ ತೆಗೆದಳು.

ಮುಕ್ಕಾಲು ಗಂಟೆ ಏನೂ ಆಗಲಿಲ್ಲ. ನಂತರ ಹುಡುಗನ ಕಾಲಬೆರಳುಗಳು ಅಲುಗಿದವು. ಉಸಿರು ಜೋರಾಯಿತು. ಇದ್ದಕ್ಕಿದ್ದಂತೆ ಅವನು ಬಾಯಿ ತೆರೆದು ಕಿರುಚಿದ ಕಿರುಚಿಗೆ ಗಿರಣಿಯಲ್ಲಿದ್ದ ತಂದೆ ಯಂತ್ರದ ಪಟ್ಟಾ ನಿಲ್ಲಿಸಿ, ಹಿಟ್ಟಿನ ಮೈಯಲ್ಲೇ ಓಡಿ ಬಂದ. “ಹಚ್ಚ್ರಿ ಅದನ್ನ! ಲಗೂನ ಹಚ್ಚ್ರಿ!” ಎಂದ. ಕಸ್ತೂರಿ ಮಣಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಮಗನ ಅಂಗಾಲಿನಿಂದ ಆರಂಭಿಸಿ ಮೇಲೆ ಮೇಲೆ ಒತ್ತಿ ನೋಡುತ್ತ ಬಂದಳು. ಮೊಣಕಾಲು, ಹೊಟ್ಟೆ, ಪಕ್ಕೆ, ಕುತ್ತಿಗೆ. ಬಲಗೆನ್ನೆ ಮುಟ್ಟಿದಾಗ ಅವನು ಅವಳ ಕೈ ಕಚ್ಚಿದ. ಕಚ್ಚಿದ ಬಾಯೊಳಗೆ ಬೆರಳಿಟ್ಟು ತೆರೆಸಿ ನೋಡಿದಳು. ಹಿಂದಿನ ದವಡೆಯ ಹಲ್ಲು ಕಪ್ಪಾಗಿ ಒಡೆದಿತ್ತು. ಒಸಡು ಉಬ್ಬಿ, ಬೆರಳಿಗೆ ಕೀವು ಬಂತು.

“ಎಷ್ಟ ದಿನ ಆಗಿರಬೇಕ್ರಿ ಇದು?” ಎಂದು ಕೇಳಿದಳು.

ಹಾಳೆಯಲ್ಲಿ ಮಣಿ ಹಚ್ಚಿದ ತಾರೀಕು ಇತ್ತು. ಅದನ್ನು ನೋಡಿ ಹೇಳಿದೆ. “ಅರವತ್ತೊಂದು.”

ತಂದೆ ಆಟೋ ತರಲು ಓಡಿದ. ಹುಡುಗ ಅವಳ ಮಡಿಲಲ್ಲಿ ಬಿದ್ದು ಕಿರುಚುತ್ತಲೇ ಇದ್ದ. ಕಸ್ತೂರಿ ರಕ್ತ ಬರುತ್ತಿದ್ದ ಕೈಯಿಂದ ಫೋನ್ ತೆಗೆದಳು. ಯಾರಿಗೋ ಕರೆ ಮಾಡುತ್ತಾಳೆಂದು ನಾನು ತಿಳಿದೆ. ಅವಳು ಫೋಟೋಗಳನ್ನು ತೆರೆದಳು. ಮಗ ಸುಮ್ಮನೆ ಕೂರಲು ಕಲಿತ ಸಂತೋಷಕ್ಕೆ ದಿನಕ್ಕೊಂದರಂತೆ ತೆಗೆದು ತವರಿಗೆ, ಬೀಗರಿಗೆ, ಓಣಿಯವರಿಗೆ ಕಳಿಸಿದ್ದ ಫೋಟೋಗಳು. ಹೊಸ ಅಂಗಿಯಲ್ಲಿ, ಮದುವೆಯ ಹಂದರದಲ್ಲಿ, ಶಾಲೆಯ ಗೇಟಿನಲ್ಲಿ. ಒಂದೊಂದನ್ನೇ ಹಿಂದಕ್ಕೆ ಸರಿಸುತ್ತ, ಅವನ ಬಲಗೆನ್ನೆಯನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ, ಬಾವು ಎಂದು ಆರಂಭವಾಯಿತೆಂದು ಹುಡುಕತೊಡಗಿದಳು.

ಮಹಾನಂದಾ ಸ್ವಲ್ಪ ಹೊತ್ತು ಅದನ್ನು ನೋಡಿದಳು. ಆಮೇಲೆ ಕುಬಸದೊಳಗಿಂದ ತನ್ನ ಫೋನ್ ತೆಗೆದು, ದಾನಿ ಹೋದಂದಿನಿಂದ ತೆರೆಯದಿದ್ದ ಅವಳ ಫೋಟೋಗಳನ್ನು ತೆರೆದಳು. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕುಳಿತು, ದಿನದಿಂದ ದಿನಕ್ಕೆ ಹಿಂದೆ ಹೋಗುತ್ತಿದ್ದರು.